ನನ್ನ ಪಾಲಿನದು ಮುಗಿಯಿತು ಎನ್ನದವರು

ಬಳ್ಳಾರಿಯ ಗಾಂಧಿನಗರದಲ್ಲಿ ಸಂಜೆಯಾದರೆ ಹೆಗಲಿಗೆ ಟ್ಯೂಷನ್ ಬ್ಯಾಗು, ಕೈಯಲ್ಲಿ ಬ್ಯಾಟು ಹಿಡಿದ ಮಕ್ಕಳು ಕಾಣುತ್ತಾರೆ. ‘ಓದೋ ಆಟವೋ, ಒಂದನ್ನು ನೆಟ್ಟಗೆ ಹಿಡಿ’ ಎಂದು ದೊಡ್ಡವರು ಗದರುವುದೂ ಉಂಟು. ಗದರುವ ಮುನ್ನ, ಬಳ್ಳಾರಿಯಿಂದ ಹುಬ್ಬಳ್ಳಿ ರೈಲು ಹತ್ತಿದರೆ ನಡುವೆ ಸಿಗುವ ಗದಗದ ಕ್ರಿಕೆಟಿಗ ಸುನಿಲ್ ಜೋಶಿಯವರನ್ನೊಮ್ಮೆ ನೆನೆಯೋಣ.

ಹುಡುಗನಾಗಿದ್ದಾಗ ಜೋಶಿ ನಸುಕಿನಲ್ಲೇ ರೈಲು ಹಿಡಿದು, ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ಆಟದ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಆಟದ ದಣಿವು ಪಾಠಕ್ಕೆ ನೆಪವಾಗಲಿಲ್ಲ. ಆ ರೂಢಿಯೇ ಮುಂದೆ ಅವರ ಕ್ರಿಕೆಟ್ಟಾಯಿತು. 1995-96ರ ರಣಜಿ ಋತುವೊಂದರಲ್ಲೇ ಎಡಗೈ ಸ್ಪಿನ್ನಿನಿಂದ 50ಕ್ಕೂ ಹೆಚ್ಚು ವಿಕೆಟ್, ಬ್ಯಾಟಿನಿಂದ 500ಕ್ಕೂ ಹೆಚ್ಚು ರನ್ ಗಳಿಸಿದರು. ಕರ್ನಾಟಕ ಆ ವರ್ಷ ರಣಜಿ ಗೆದ್ದಿತು. 1996ರ ಜೂನ್ 6ರಂದು, ತಮ್ಮ 26ನೇ ಹುಟ್ಟುಹಬ್ಬದ ದಿನವೇ, ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದರು.

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿಗೆ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2000ದ ನವೆಂಬರಿನ ಢಾಕಾ ಟೆಸ್ಟ್. ಬಾಂಗ್ಲಾದೇಶಕ್ಕೆ ಅದು ಮೊಟ್ಟಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲೇ 400 ರನ್ ಹೊಡೆದಿತ್ತು. ಬಿಸಿಲಿನಲ್ಲಿ ದಿನವಿಡೀ ಬೌಲ್ ಮಾಡಿ ಐದು ವಿಕೆಟ್ ಪಡೆದಿದ್ದ ಜೋಶಿ, ಆರು ವಿಕೆಟ್ ಬಿದ್ದು ಭಾರತ ತಡವರಿಸುತ್ತಿದ್ದಾಗ ಕ್ರೀಸಿಗೆ ಬಂದರು. ನಾಯಕ ಸೌರವ್ ಗಂಗೂಲಿಯವರ ಜೊತೆ ನಿಂತು 92 ರನ್ ಗಳಿಸಿದರು. ಭಾರತ ಮುನ್ನಡೆ ಪಡೆಯಿತು, ಪಂದ್ಯವನ್ನೂ ಗೆದ್ದಿತು. ‘ಐದು ವಿಕೆಟ್ ಕೊಟ್ಟಿದ್ದೇನೆ, ಇನ್ನು ಬ್ಯಾಟ್ಸ್‌ಮನ್‌ಗಳು ನೋಡಿಕೊಳ್ಳಲಿ’ ಎಂದು ಅವರು ಕೈತೊಳೆದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಅದೇ ವರ್ಷ, 15 ಪಂದ್ಯಗಳಿಗೆ ಅವರ ಟೆಸ್ಟ್ ಬದುಕು ಮುಗಿಯಿತು. ಆದರೂ ಅವರು ಮೈದಾನ ಬಿಡಲಿಲ್ಲ. ಇನ್ನೂ ಒಂದು ದಶಕ ದೇಶೀಯ ಕ್ರಿಕೆಟ್ಟಿನಲ್ಲಿ ದುಡಿದು 2012ರಲ್ಲಿ ವಿದಾಯ ಹೇಳಿದರು. ಅಷ್ಟರಲ್ಲಿ ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5,000ಕ್ಕೂ ಹೆಚ್ಚು ರನ್ ಅವರ ಹೆಸರಲ್ಲಿದ್ದವು.

ಎರಡು ವಿದ್ಯೆ ಬಲ್ಲವರೆಲ್ಲ ಆಲ್‌ರೌಂಡರ್ ಆಗುವುದಿಲ್ಲ. ಒಂದು ಕೆಲಸ ಮಾಡಿದ್ದೇನೆಂಬುದನ್ನು ಇನ್ನೊಂದು ಕೆಲಸ ತಪ್ಪಿಸಿಕೊಳ್ಳಲು ನೆಪ ಮಾಡಿಕೊಳ್ಳದವರು ಮಾತ್ರ ಆಗುತ್ತಾರೆ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ತನ್ನ ಪಾಲಿನದು ಮುಗಿದ ಮೇಲೂ ಪಕ್ಕದವರ ಹೊರೆಗೆ ಹೆಗಲು ಕೊಡುವವರಿಂದಲೇ ಕೆಲಸ ದಡ ಮುಟ್ಟುತ್ತದೆ. ಮಕ್ಕಳಿಗೆ ಒಂದನ್ನು ಬಿಡು ಎನ್ನುವುದಕ್ಕಿಂತ, ಹಿಡಿದ ಎರಡನ್ನೂ ನೆಟ್ಟಗೆ ಮಾಡು ಎಂದು ಹೇಳಿಕೊಡೋಣ.