ತಂಬೂರಿ ಮಾತ್ರ ಕೇಳುತ್ತಿದ್ದಾಗ

ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು 1992ರಲ್ಲಿ. ನಾನು ಹುಟ್ಟಿದ್ದು ಅದಾದ ಕೆಲವು ವರ್ಷಗಳ ಮೇಲೆ. ಅವರನ್ನು ಎದುರು ಕೂತು ಕೇಳುವ ಭಾಗ್ಯ ನನಗಿರಲಿಲ್ಲ. ಆದರೂ ಖಯಾಲ್ ಎಂದರೇನೆಂದು ನನಗೆ ಕಲಿಸಿದ್ದು ಅವರ ಧ್ವನಿಮುದ್ರಣಗಳೇ. ಹಾಗಾಗಿ ‘ಕಛೇರಿಯೇ ನಿಜವಾದ ಸಂಗೀತ, ಮುದ್ರಣ ಅದರ ನೆರಳು’ ಎಂಬ ಮಾತನ್ನು ಒಪ್ಪಲಾರೆ. ಒಪ್ಪಿದರೆ ನನ್ನ ಪಾಲಿಗೆ ಮನ್ಸೂರರೇ ಇಲ್ಲವಾಗುತ್ತಾರೆ.

ಕಛೇರಿಯ ಪರವಾಗಿ ಸಾಮಾನ್ಯವಾಗಿ ಕೊಡುವ ಕಾರಣಗಳೂ ಅಷ್ಟು ಗಟ್ಟಿಯಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಒಂದು ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಈಗ ಇಡೀ ರಾತ್ರಿಯ ಕಛೇರಿ ಕಿಸೆಯ ಫೋನಿನಲ್ಲಿ ಹಿಡಿಸುತ್ತದೆ. ನಾದದ ಸ್ಪಷ್ಟತೆಯಲ್ಲಿ ಸಭಾಭವನದ ಕರ್ಕಶ ಮೈಕಿಗಿಂತ ಹೆಡ್‌ಫೋನೇ ಎಷ್ಟೋ ಮೇಲು. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ತನ್ನ 31ನೇ ವಯಸ್ಸಿನಲ್ಲಿ, ಕಛೇರಿಗಳನ್ನೇ ಬಿಟ್ಟು ಸ್ಟುಡಿಯೋ ಸೇರಿದ. ಹಲವು ಬಾರಿ ನುಡಿಸಿದ್ದರಲ್ಲಿ ಒಳ್ಳೆಯ ತುಣುಕುಗಳನ್ನು ಆಯ್ದು ಜೋಡಿಸುವುದು ಅವನ ಪಾಲಿಗೆ ಮೋಸವಲ್ಲ, ಕಲೆಯೇ ಆಗಿತ್ತು. ಅವನ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹಾಗಾದರೆ ಕಛೇರಿಗೆ ಏಕೆ ಹೋಗಬೇಕು? ಉತ್ತರದಂಥದ್ದು ನನಗೆ ಸಿಕ್ಕಿದ್ದು ಧಾರವಾಡದ ಒಂದು ಸಣ್ಣ ಬೈಠಕ್ಕಿನಲ್ಲಿ. ಅರವತ್ತು ಎಪ್ಪತ್ತು ಜನ ಜಮಖಾನೆಯ ಮೇಲೆ ಕೂತಿದ್ದೆವು. ವಯಸ್ಸಾದ ಗಾಯಕರೊಬ್ಬರು ಹಾಡುತ್ತಿದ್ದರು. ತಾರ ಷಡ್ಜಕ್ಕೆ ಏರಿದಾಗ ದನಿ ಒಡೆಯಿತು. ಮತ್ತೆ ಏರಿದರು, ಮತ್ತೆ ಒಡೆಯಿತು. ಹಾಡು ನಿಲ್ಲಿಸಿದರು. ತಬಲಾದವರೂ ಕೈ ತಡೆದರು. ತಂಬೂರಿ ಮಾತ್ರ ಕೇಳುತ್ತಿತ್ತು. ಯಾರೂ ಪಿಸುಗುಡಲಿಲ್ಲ, ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಮಂದ್ರಕ್ಕೆ ಇಳಿದು, ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ರಾಗವನ್ನು ಮತ್ತೆ ಕಟ್ಟತೊಡಗಿದರು. ಆ ಷಡ್ಜವನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅದರ ಹತ್ತಿರ ಹೋಗಿ ಹೋಗಿ ಮರಳುತ್ತಿದ್ದರು. ಅಂಥ ಹಾಡಿಕೆಯನ್ನು ನಾನು ಹಿಂದೆ ಕೇಳಿರಲಿಲ್ಲ.

ವಾರದ ನಂತರ, ಸಂಘಟಕರು ಮಾಡಿಸಿದ್ದ ಮುದ್ರಣ ಗೆಳೆಯರೊಬ್ಬರಿಂದ ವಾಟ್ಸ್‌ಆ್ಯಪಿಗೆ ಬಂತು. ಹಾಸ್ಟೆಲಿನ ಕೋಣೆಯಲ್ಲಿ ಕೇಳುತ್ತ ಕೂತೆ. ದನಿ ಒಡೆದು ತಂಬೂರಿ ಮಾತ್ರ ಉಳಿದ ಜಾಗ ಬಂದಾಗ ನನ್ನ ಹೆಬ್ಬೆರಳು ತಾನಾಗಿಯೇ ಅದನ್ನು ಮುಂದಕ್ಕೆ ಜಾರಿಸಿತು. ಅಂದು ಉಸಿರು ಬಿಗಿಹಿಡಿದು ಕಾದಿದ್ದ ನಾನೇ ಈಗ ಆ ಮೌನವನ್ನು ದಾಟಿಬಿಟ್ಟಿದ್ದೆ.

ಅದರಿಂದ ಯಾರಿಗೂ ನೋವಾಗಲಿಲ್ಲ. ಮುದ್ರಣದೊಳಗಿನ ಗಾಯಕರು ಆಗಲೇ ಹಾಡಿ ಮುಗಿಸಿದ್ದಾರೆ. ನಾನು ಕಾದರೂ ಕಾಯದಿದ್ದರೂ ಅವರಿಗೆ ಒಂದೇ. ಬೈಠಕ್ಕಿನಲ್ಲಿ ಮುಂದೇನಾಗುವುದೋ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಾಲ್ಕು ಜನ ಎದ್ದಿದ್ದರೆ ಹಾಡು ಬಹುಶಃ ಅಲ್ಲೇ ಮುಗಿಯುತ್ತಿತ್ತು. ಕೇಳುಗರು ಕ್ರೂರರಾಗಬಲ್ಲರು. ಹಾಗಾಗಲು ಸಾಧ್ಯವಿದ್ದುದರಿಂದಲೇ ಅಂದಿನ ತಾಳ್ಮೆಗೆ ಬೆಲೆ.

ದೂರದಲ್ಲಿರುವವರಿಗೆ, ಹಾಸಿಗೆ ಹಿಡಿದವರಿಗೆ, ರಾತ್ರಿ ಒಂಟಿಯಾಗಿ ಮನೆ ಸೇರುವುದು ಕಷ್ಟವಾದ ಹೆಣ್ಣುಮಕ್ಕಳಿಗೆ ಮುದ್ರಣವೇ ಕಛೇರಿ. ಅವರು ಕೇಳುವುದು ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಆದರೆ ಹೋಗಲು ಸಾಧ್ಯವಿರುವ ನನ್ನಂಥವರು ಹೋಗಬೇಕು. ಹಾಡುವವರು ಸೋಲಬಹುದಾದ ಗಳಿಗೆಯಲ್ಲಿ ಎದುರಿಗೆ ಯಾರಾದರೂ ಇರಬೇಕು.

ಮೊನ್ನೆ ಆ ಮುದ್ರಣವನ್ನು ಮತ್ತೆ ಹಾಕಿ, ಫೋನನ್ನು ದೂರವಿಟ್ಟು ಕೂತೆ. ಆ ಮೌನ ಇದ್ದದ್ದು ಬರೀ 12 ಸೆಕೆಂಡು. ಅಂದು ಅದು ತುಂಬ ಹೊತ್ತು ಇತ್ತು.