ಕಾಯುವುದು

ಚಳಿಗಾಲದ ನಸುಕಿನಲ್ಲಿ ಡೀಸೆಲ್ ಗಾಡಿ ಚಾಲೂ ಮಾಡುವುದನ್ನು ನೀವು ನೋಡಿರದಿದ್ದರೂ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿಯಂತೂ ಇರುತ್ತೀರಿ. ಬೆಟಗೇರಿಯ ನಮ್ಮ ಓಣಿಯಲ್ಲಿ ಮುಂಡರಗಿಗೆ ಬಾಡಿಗೆ ಹೊಡೆಯುವ ಹಳೆಯ ಜೀಪೊಂದಿದೆ. ಮಾಲೀಕರ ಮಗ ಬಂದ ದಿನ ಓಣಿಗೆಲ್ಲ ಗೊತ್ತಾಗುತ್ತದೆ. ಕೂತವನೇ ಸೆಲ್ಫ್ ಹೊಡೆಯುತ್ತಾನೆ. ಕರ್ರ್, ಕರ್ರ್, ಮತ್ತೆ ಕರ್ರ್. ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ ಬಂದು ಎದುರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಕೊನೆಗೆ ಹಾಲು ಹಾಕುವ ಹುಡುಗ, ಪೇಪರಿನ ಹುಡುಗ ಎಲ್ಲರೂ ಸೇರಿ ಗಾಡಿ ದಬ್ಬಬೇಕು.

ವಯಸ್ಸಾದ ಡ್ರೈವರ್ ಬಂದ ದಿನ ಈ ಗದ್ದಲವಿಲ್ಲ. ಕೀಲಿ ಅರ್ಧ ತಿರುವಿ ಸುಮ್ಮನೆ ಕೂಡುತ್ತಾನೆ. ಮುಂದೆ ಸುರುಳಿಯ ಚಿತ್ರದ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಅದು ಆರಿದ ಮೇಲೆಯೇ ಸೆಲ್ಫ್. ಒಂದೇ ಸಲಕ್ಕೆ ಗಾಡಿ ಚಾಲೂ. ಗುಟ್ಟೇನು ಎಂದು ಕೇಳಿದರೆ, "ಒಳಗ ಕಾಯಬೇಕ್ರಿ ಅಕ್ಕಾರ. ಕಾಯ್ಲಿಲ್ಲಂದ್ರ ಎಷ್ಟ್ ಹೊಡದ್ರೂ ಬರೇ ಹೊಗಿ" ಎಂದ.

ಪೆಟ್ರೋಲ್ ಎಂಜಿನ್ನಿಗೆ ಹೊರಗಿನಿಂದ ಕಿಡಿ ಕೊಡುತ್ತಾರೆ. ಡೀಸೆಲ್ಲಿಗೆ ಕಿಡಿಯಿಲ್ಲ. ಗಾಳಿಯನ್ನು ಇಪ್ಪತ್ತು ಪಾಲಿನಲ್ಲಿ ಒಂದು ಪಾಲಾಗುವ ಹಾಗೆ ಒತ್ತಿದರೆ, ಆ ಒತ್ತಡಕ್ಕೇ ಗಾಳಿ ಐದುನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಅದರೊಳಗೆ ಸಿಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ತುದಿ ಬಿಸಿಯಾಗುವುದು ಗೊತ್ತು; ಸೂತ್ರ ಅದೇ. ಇದನ್ನು ಎಂಜಿನ್ ಮಾಡಿ ಓಡಿಸಿ ತೋರಿಸಿದ್ದು ಜರ್ಮನಿಯ ರುಡಾಲ್ಫ್ ಡೀಸೆಲ್, 1897ರಲ್ಲಿ.

ಒತ್ತಡದಿಂದಲೇ ಬೆಂಕಿ! ಉಪದೇಶ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಕಷ್ಟ ಬಿದ್ದರೇ ಮನುಷ್ಯ ಗಟ್ಟಿಯಾಗುವುದು, ಉಳಿಪೆಟ್ಟು ತಿಂದರೇ ಕಲ್ಲು ಮೂರ್ತಿಯಾಗುವುದು ಎನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದೂ ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ ದೇವಸ್ಥಾನಗಳನ್ನು ಬಗಲಲ್ಲೇ ಇಟ್ಟುಕೊಂಡು ಹೇಳುವವರಿಗೆ ಎದುರು ಮಾತಾಡುವುದು ಹೇಗೆ? ಆದರೂ ಮನಸ್ಸಿಗೆ ಒಂದು ಪ್ರಶ್ನೆ ಬರುತ್ತದೆ. ಪೆಟ್ಟು ಹೇಗಿತ್ತು ಎಂದು ಕಲ್ಲನ್ನು ಕೇಳಿದವರು ಯಾರೂ ಇಲ್ಲ. ಒಡೆದು ಬಿಸಾಕಿದ ಕಲ್ಲುಗಳ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ಒತ್ತಡ ಹಾಕಿ ಒಬ್ಬರನ್ನು ಒಳ್ಳೆಯವರನ್ನಾಗಿ ಮಾಡಲು ನಿಜವಾಗಿ ಆಗುತ್ತದೆಯೆ?

ನಸುಕಿನ ಜೀಪು ಇದಕ್ಕೆ ಅರ್ಧ ಉತ್ತರ ಹೇಳುತ್ತದೆ. ಚಳಿಯಲ್ಲೂ ಒತ್ತುವುದು ನಿಲ್ಲುವುದಿಲ್ಲ. ಆದರೆ ಹುಟ್ಟಿದ ಬಿಸಿಯನ್ನು ಸುತ್ತಲಿನ ತಣ್ಣನೆಯ ಕಬ್ಬಿಣವೇ ಹೀರಿಬಿಡುತ್ತದೆ. ಎಂಜಿನ್ ಆಯಿಲ್ ಮಂದವಾಗಿ ಎಂಜಿನ್ ನಿಧಾನ ತಿರುಗುತ್ತದೆ, ಬ್ಯಾಟರಿಯ ಕಸುವೂ ತಗ್ಗಿರುತ್ತದೆ. ಹೊತ್ತಿಕೊಳ್ಳದ ಎಣ್ಣೆ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಎಂಜಿನ್ ಕಟ್ಟುವವರು ಇದನ್ನು ತಿಳಿದೇ ಒಳಗೆ ಹೀಟರ್ ಪ್ಲಗ್ ಇಟ್ಟರು. ಅದು ಕೆಂಡದಂತೆ ಕಾದು ಆ ಸಣ್ಣ ಜಾಗವನ್ನು ಬೆಚ್ಚಗೆ ಮಾಡುತ್ತದೆ. ಹಳದಿ ದೀಪ ಹೇಳುವುದು ಇಷ್ಟೇ: ಇನ್ನೂ ಕಾಯುತ್ತಿದೆ, ತಡೀರಿ.

ಲಡಾಖಿನಂಥ ಕಡೆಯಾದರೆ ಸಂಕಟ ಬೇರೆ. ಅಲ್ಲಿ ಡೀಸೆಲ್ಲಿನೊಳಗಿನ ಮೇಣವೇ ಹೆಪ್ಪುಗಟ್ಟುತ್ತದೆ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆ ಕಳಿಸತೊಡಗಿತು. ನಮ್ಮ ಕಡೆಯದು 15 ಡಿಗ್ರಿಯ ಆಸುಪಾಸಿನ ಚಳಿ. ಇಷ್ಟಕ್ಕೇ ಹಳೆಯ ಗಾಡಿ ಮುನಿಸಿಕೊಂಡರೆ ಹೊರಗಿನ ಚಳಿಯನ್ನು ಬೈದು ಪ್ರಯೋಜನವಿಲ್ಲ. ಹೀಟರ್ ಪ್ಲಗ್ಗೋ ಬ್ಯಾಟರಿಯೋ ಕೈಕೊಟ್ಟಿರಬಹುದು.

ನಿಜವಾಗಿ ನೋಡಿದರೆ ನಮಗೆ ಇದನ್ನು ಡ್ರೈವರ್ ಹೇಳಿಕೊಡಬೇಕಾಗಿರಲಿಲ್ಲ. ಜೋಳದ ಹಿಟ್ಟಿಗೆ ಎಸರು ಹಾಕದೆ ತಣ್ಣೀರು ಹಾಕಿ ನಾದಿ ನೋಡಿ. ಬಡಿದಷ್ಟೂ ಅಂಚು ಬಿರಿಯುತ್ತದೆ. ಬಿರಿಯಿತೆಂದು ಇನ್ನಷ್ಟು ಜೋರಾಗಿ ಬಡಿಯುವ ಹೆಂಗಸನ್ನು ನಾನು ಕಂಡಿಲ್ಲ. ಹಂಚು ಕಾಯದೆ ರೊಟ್ಟಿ ಹಾಕುವವಳನ್ನೂ ಕಂಡಿಲ್ಲ. ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, ಕಾಯುವುದು. ಹೊಲ ಕಾಯುವುದಕ್ಕೂ ಅದೇ. ಹಂಚಿನ ಮುಂದೆ ಕೂತ ಯಾವಳೋ ಈ ಮಾತುಗಳನ್ನು ಒಂದು ಮಾಡಿರಬೇಕು ಎಂದು ನನ್ನ ಗುಮಾನಿ. ಪಂಡಿತರು ಒಪ್ಪಲಿಕ್ಕಿಲ್ಲ.

ಹಿಟ್ಟಿಗೆ ಕೊಡುವ ಈ ಹೊತ್ತನ್ನು ಮನೆಗೆ ಬಂದ ಹುಡುಗಿಗೆ ಕೊಡುವುದಿಲ್ಲ, ಅದೇ ಸೋಜಿಗ. ನಮ್ಮ ಓಣಿಯ ದೊಡ್ಡ ಮನೆಯೊಂದಕ್ಕೆ ಶಿರಹಟ್ಟಿ ಕಡೆಯಿಂದ ಕಿರಿಯ ಸೊಸೆ ಬಂದಳು. ಬಿ.ಎಸ್ಸಿ. ಓದಿದವಳು, ರೊಟ್ಟಿ ಬಡಿದು ರೂಢಿಯಿಲ್ಲ. ಸಂಕ್ರಾಂತಿಗೆ ಹದಿನೆಂಟು ಮಂದಿಯ ಅಡಿಗೆ ಅವಳ ಪಾಲಿಗೆ ಬಂತು. "ನಾವೂ ಹಿಂಗ ಬಂದೀವಿ, ಮೈಮ್ಯಾಲೆ ಬಿದ್ರ ತಾನ ಕಲೀತಾಳ" ಎಂದರು ಅತ್ತೆ. ಕೆಟ್ಟ ಹೆಂಗಸಲ್ಲ ಆಕೆ. ಆದರೆ ಮಟಮಟ ಮಧ್ಯಾಹ್ನ ಲಕ್ಷ್ಮೇಶ್ವರದವರೆಗೆ ಓಡಿ ಬಂದು ನಿಂತ ಗಾಡಿಯೂ ಹಾಗೇ ಹೇಳೀತು. ಅದಕ್ಕೆ ಹಳದಿ ದೀಪದ ಹಂಗೇ ಇಲ್ಲ. ಕೀಲಿ ತಿರುವಿದರೆ ಸಾಕು. ನಸುಕಿನಲ್ಲಿ ತನ್ನನ್ನು ಯಾರು ಕಾಯಿಸಿದರು ಎಂಬುದು ಅದಕ್ಕೆ ಮರೆತಿರುತ್ತದೆ. ಒತ್ತಡದಲ್ಲೇ ಬೆಳೆದೆವು ಎನ್ನುವವರ ಹಿಂದೆ ಸ್ವಲ್ಪ ಹುಡುಕಿದರೆ ಒಬ್ಬ ಅಜ್ಜಿಯೋ, ಟೀಚರೋ, ಹಿತ್ತಲಲ್ಲಿ ಕಣ್ಣೊರೆಸಿದ ನೆರೆಯವಳೋ ಸಿಕ್ಕೇ ಸಿಗುತ್ತಾಳೆ.

ಆ ಹುಡುಗಿ ಹದಿನೈದು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೊಂಡಿ ಎಂದು ಹೆಸರಾಯಿತು. ನನಗೆ ಕಂಡದ್ದು ಬಿಳಿ ಹೊಗೆ. ಕೊನೆಗೆ ಆಕೆಯ ನೆಗೆಣ್ಣಿ ಒಂದು ಸಂಜೆ ಅವಳನ್ನು ಒಲೆಯ ಮುಂದೆ ಪಕ್ಕಕ್ಕೆ ಕೂಡಿಸಿಕೊಂಡು, ನಾನು ಬಡೀತೀನಿ, ನೀ ಬೇಯಿಸು ಎಂದಳಂತೆ. ಎಂಟು ದಿನ ಅಷ್ಟೇ ಕೆಲಸ. ಒಂಬತ್ತನೆಯ ದಿನ ಕೊಣಮಿಗೆಯನ್ನು ಅವಳ ಕಡೆಗೆ ತಳ್ಳಿದಳು.

ತಳ್ಳಿದ್ದೂ ಸರಿಯೇ. ದೀಪ ಆರಿದ ಮೇಲೂ ಸುಮ್ಮನೆ ಕೂತರೆ ಪ್ಲಗ್ಗು ಮತ್ತೆ ಆರುತ್ತದೆ. ಚಾಲೂ ಆದ ಗಾಡಿಯನ್ನು ಮನೆಮುಂದೆ ಹತ್ತು ನಿಮಿಷ ಗುಡುಗುಡು ಅನ್ನಿಸುವುದೂ ದಂಡ. ಅರ್ಧ ನಿಮಿಷ ಬಿಟ್ಟು, ರೇಸ್ ಮಾಡದೆ, ಒಂದೆರಡು ಮೈಲಿ ಮೆಲ್ಲಗೆ ಓಡಿಸಿದರೆ ಓಡುತ್ತಲೇ ಬಿಸಿಯಾಗುತ್ತದೆ. ಕೆಲಸವನ್ನೇ ಹಚ್ಚದ ಮಮತೆಯಿಂದ ಹಾಳಾದ ಮಕ್ಕಳೂ ನಮ್ಮ ಓಣಿಯಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ.

ನನ್ನನ್ನು ಕಾಡುವುದು ಬ್ಯಾಟರಿ. ಹೀಟರ್ ಪ್ಲಗ್ಗಿಗೆ ಬಿಸಿ ಬರುವುದು ಅದರಿಂದ, ಸೆಲ್ಫ್ ತಿರುಗುವುದೂ ಅದರಿಂದ. ಚಳಿಯಲ್ಲಿ ಅದೂ ಸೊರಗಿರುತ್ತದೆ. ಗಾಡಿ ಓಡಿದ ಮೇಲೆ ಅದಕ್ಕೆ ಮರಳಿ ಸಿಗಬೇಕು; ದಿನಾ ನಾಲ್ಕು ಹೆಜ್ಜೆ ಓಡಿಸಿ ನಿಲ್ಲಿಸಿದರೆ ಸಿಗುವುದಿಲ್ಲ. ಒಂದು ಮುಂಜಾನೆ ಹೇಳದೆ ಕೇಳದೆ ಕೂತುಬಿಡುತ್ತದೆ.

ಆ ನೆಗೆಣ್ಣಿ ಲಕ್ಷ್ಮೇಶ್ವರದವಳು. ಮೂರು ವರ್ಷದಿಂದ ತವರಿಗೆ ಹೋಗಿರಲಿಲ್ಲ. ಈ ಸಲ ಡಿಸೆಂಬರಿನಲ್ಲಿ ಎಂಟು ದಿನಕ್ಕೆಂದು ಹೊರಟಾಗ, ಇಲ್ಲಿ ರೊಟ್ಟಿ ಯಾರು ಮಾಡಬೇಕು ಎಂದು ಮನೆಯಲ್ಲಿ ಒಂದೆರಡು ದನಿ ಎದ್ದವು. ಅವಳ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದವಳು ಶಿರಹಟ್ಟಿಯ ಹುಡುಗಿ.