ಅಚೇತನದ ಸಾಕ್ಷಿ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯೊಳಗೆ, ವ್ರತಸ್ಥನಾಗಿ ಉಪವಾಸವಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ, ಆವರೆಗೆ ಡಮರುಗದ ನಾದದಿಂದಲೂ ಏಳುಕೋಟಿಯ ಘೋಷದಿಂದಲೂ ತುಂಬಿದ್ದ ಬಯಲು ಒಮ್ಮೆಗೇ ಸ್ತಬ್ಧವಾಗುವುದನ್ನು ಕಂಡವರು ಮರೆಯಲಾರರು. ಅನಂತರ ಅವನ ಬಾಯಿಂದ ಹೊರಡುವುದು ಒಂದೇ ನುಡಿ. ಅದನ್ನು ಹಿಡಿದೇ ರೈತನು ಆ ವರ್ಷದ ಮಳೆಬೆಳೆಯನ್ನು ಊಹಿಸುತ್ತಾನೆ. ನುಡಿ ಫಲಿಸುವುದೋ ಇಲ್ಲವೋ ಎಂಬುದು ಬೇರೆಯ ಚರ್ಚೆ. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಆ ಮೌನ; ಸಾಕ್ಷಿ ನುಡಿಯುವ ಬಾಯನ್ನು ಯಾರೂ ಕೊಂಡಿಲ್ಲವೆಂಬ ನಂಬಿಕೆಯಿಂದಲ್ಲದೆ ಅಂಥ ಮೌನ ಹುಟ್ಟಲಾರದು.

ಸಾಕ್ಷಿಯ ಈ ಪ್ರಶ್ನೆ ನನಗೆ ಮತ್ತೆ ಎದುರಾದುದು ಕೂಡ್ಲಿಗಿಯ ಬಳಿ, ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಿನ ಒಂದು ಚಹದಂಗಡಿಯಲ್ಲಿ. ಈರುಳ್ಳಿ ಹೇರಿಕೊಂಡು ಬಂದಿದ್ದ ಲಾರಿಯ ಚಾಲಕನೊಬ್ಬನು, ತನ್ನ ಗಾಡಿಗೆ ಯೂರಿಯಾ ಬೈಪಾಸ್ ಮಾಡಿಸಿದ ಸಂಗತಿಯನ್ನು, ಟೈರು ಬದಲಿಸಿದ ಸಂಗತಿಯಷ್ಟೇ ಸಹಜವಾಗಿ ಹೇಳಿದನು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಲಾರಿಗಳೆಲ್ಲ ಬಿಎಸ್-6 ಎಂಬ ಹೊಗೆಮಿತಿಯ ನಿಯಮಕ್ಕೆ ಒಳಪಟ್ಟಿವೆ. ಬಿಎಸ್-4ರ ಕಾಲದಲ್ಲಿ ಭಾರಿ ಎಂಜಿನ್ನಿಗೆ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡುಗಳ ಮಿತಿಯು, ಐದನೆಯ ಮೆಟ್ಟಿಲನ್ನು ಹಾರಿ ಬಂದ ಈ ನಿಯಮದಲ್ಲಿ 0.40ಕ್ಕೆ ಇಳಿಯಿತು. ಅದನ್ನು ಸಾಧಿಸುವುದಕ್ಕಾಗಿ, ಶೇಕಡ 32.5 ಯೂರಿಯಾ ಬೆರೆತ ಶುದ್ಧಜಲವನ್ನು ಹೊಗೆಯೊಳಗೆ ಸಿಂಪಡಿಸುತ್ತಾರೆ; ಅದು ಬಿಸಿಗೆ ಅಮೋನಿಯವಾಗಿ, ವೇಗವರ್ಧಕದ ಮೇಲೆ ವಿಷವಾಯುವನ್ನು ಸಾರಜನಕವಾಗಿಯೂ ನೀರಾವಿಯಾಗಿಯೂ ಮಾರ್ಪಡಿಸುತ್ತದೆ. ಹರಪನಹಳ್ಳಿಯ ರೈತನು ಮೆಕ್ಕೆಜೋಳದ ಬುಡಕ್ಕೆ ಹಾಕುವ ದ್ರವ್ಯವೇ ಇಲ್ಲಿ ಗಾಳಿಯನ್ನು ತೊಳೆಯುತ್ತದೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಹೊಗೆಕೊಳವೆಯ ಸೆನ್ಸರುಗಳು ಈ ಕಾರ್ಯದ ವರದಿಯನ್ನು ಎಂಜಿನ್ನಿನ ಗಣಕಕ್ಕೆ ಒಪ್ಪಿಸುತ್ತಿರುತ್ತವೆ. ಯೂರಿಯಾ ಮುಗಿದರೆ ಗಣಕವು ಮೊದಲು ಎಚ್ಚರಿಸಿ, ಆಮೇಲೆ ಎಂಜಿನ್ನಿನ ಬಲವನ್ನೇ ಕುಗ್ಗಿಸುತ್ತದೆ. ಬೈಪಾಸ್ ಎಂದರೆ ಆ ಗಣಕದ ತಂತ್ರಾಂಶವನ್ನು ತಿದ್ದುವುದು, ಇಲ್ಲವೆ ತಂತಿಗಳ ನಡುವೆ ಪುಟ್ಟದೊಂದು ಡಬ್ಬಿಯನ್ನು ಕೂರಿಸಿ, ನಡೆಯದ ಸಿಂಪಡಿಕೆಯನ್ನು ನಡೆಯುತ್ತಿದೆಯೆಂದು ಅದರಿಂದ ಹೇಳಿಸುವುದು.

ಇದನ್ನು ಸುಳ್ಳುಸಾಕ್ಷಿಯೆಂದರೆ, ಅದಕ್ಕೆ ಪೂರ್ವಪಕ್ಷವೊಂದುಂಟು. ಸತ್ಯವೆಂಬುದು ಚೇತನ ಚೇತನಗಳ ನಡುವಣ ಧರ್ಮ. ಗಣಕಕ್ಕೆ ಅಂತಃಕರಣವಿಲ್ಲ, ಮೋಸಹೋದೆನೆಂಬ ನೋವಿಲ್ಲ. ಸುಳ್ಳು ಸೆನ್ಸರು ಸುಳ್ಳೆಂಬ ಹೆಸರಿಗೆ ಹೇಗೆ ಪಾತ್ರವಾದೀತು? ಚಾಲಕನ ಮಾತಿನ ಒಳಗೂ ಇದ್ದುದು ಇದೇ ವಾದ: ಯಾರಿಗೂ ನಾನು ಸುಳ್ಳು ಹೇಳಿಲ್ಲವಲ್ಲ ಎಂದು ಅವನು ಕೇಳಿದನು. ಪ್ರಶ್ನೆ ಹಗುರವಾದುದಲ್ಲ, ನಾನು ಆಗ ಉತ್ತರ ಕೊಡಲಾರದೆ ಹೋದೆ.

ಉತ್ತರದ ಸುಳಿವು ಸಿಕ್ಕಿದ್ದು ಕೋಗಳಿಯನ್ನು ನೆನೆದಾಗ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ನಾಡಿಗೆ ಹೆಸರು ಕೊಟ್ಟ ಸ್ಥಳ, ಜೈನಧರ್ಮದ ಹಳೆಯ ನೆಲೆ. ಆ ಧರ್ಮದವರು ಪ್ರಮಾಣವೆಂದು ಗೌರವಿಸುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಗೃಹಸ್ಥನು ವ್ರತದಿಂದ ಜಾರುವ ಬಗೆಗಳನ್ನು ಅತಿಚಾರಗಳೆಂದು ಎಣಿಸಿದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದು, ಅಂದರೆ ಕಳ್ಳತೂಕ, ಕಳ್ಳ ಅಳತೆ. ಅದನ್ನು ಆಚಾರ್ಯರು ಇರಿಸಿರುವ ಸ್ಥಾನವನ್ನು ಗಮನಿಸಬೇಕು: ಸತ್ಯವ್ರತದ ಭಂಗಗಳ ಸಾಲಿನಲ್ಲಿ ಅದಿಲ್ಲ, ಅಚೌರ್ಯವ್ರತದ ಭಂಗಗಳ ಸಾಲಿನಲ್ಲಿದೆ. ಅದರ ಮಗ್ಗುಲಲ್ಲೇ ರಾಜ್ಯದ ಕಟ್ಟಳೆಯನ್ನು ಮೀರಿ ನಡೆಸುವ ವ್ಯವಹಾರವೂ, ನಿಜದ ವಸ್ತುವಿನ ಹೆಸರಿನಲ್ಲಿ ನಕಲಿಯನ್ನು ಸಾಗಿಸುವ ಪ್ರತಿರೂಪಕ ವ್ಯವಹಾರವೂ ಇವೆ. ತಕ್ಕಡಿ ಮೋಸಹೋಯಿತೇ ಎಂದು ಅವರು ಕೇಳಲಿಲ್ಲ. ತಕ್ಕಡಿಯ ಆಚೆಗೆ ನಿಂತವನಿಂದ ಏನು ಅಪಹೃತವಾಯಿತೆಂದು ಕೇಳಿದರು. ಕೊಟ್ಟೂರಿನ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳ ತೂಗಿಸುವ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಕವೂ ಒಂದು ತಕ್ಕಡಿಯೇ. ಅದರ ಆಚೆಗೆ ನಿಂತವನು ಉಸಿರಾಡುವವನು. ಕದಿಯಲ್ಪಟ್ಟುದು ಅವನ ಉಸಿರು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ನಿರ್ಣಯಿಸಿತು. ನೈಟ್ರೋಜನ್ ಆಕ್ಸೈಡುಗಳಂತೂ ಶ್ವಾಸನಾಳವನ್ನು ಕೆರಳಿಸುವುದಲ್ಲದೆ, ನಮ್ಮ ಈ ಬಿಸಿಲಿನಲ್ಲಿ ಓಜೋನಾಗಿಯೂ ಸೂಕ್ಷ್ಮಕಣಗಳಾಗಿಯೂ ಮರುಜನ್ಮ ತಳೆಯುತ್ತವೆ.

ಹಾಗೆಂದು ಆ ಚಾಲಕನನ್ನು ಕಳ್ಳನೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಸೆನ್ಸರು ಕೆಟ್ಟು ಬಲಗುಂದಿದ ಲಾರಿ ನಡುದಾರಿಯಲ್ಲಿ ತೆವಳುವಾಗ ಹಿಂದೆ ಕೊಳೆಯುತ್ತಿರುವುದು ಈರುಳ್ಳಿ. ಅದನ್ನು ಸರಿಪಡಿಸಬಲ್ಲ ಕಾರ್ಯಾಗಾರ ಇರುವುದು ದೂರದ ಪಟ್ಟಣದಲ್ಲಿ. ಸಾಲದ ಕಂತು ಯಾರನ್ನೂ ಕಾಯುವುದಿಲ್ಲ. ಇಷ್ಟಕ್ಕೂ ಈ ವಿದ್ಯೆಯನ್ನು ಮೊದಲು ಮಹತ್ತಾಗಿ ಆಡಿ ತೋರಿಸಿದವರು ಬಡವರಲ್ಲ. ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿ ನಡೆದುಕೊಳ್ಳುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿಯು ಲೋಕದ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿ ಇರಿಸಿದ್ದುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು.

ನಿಯಮವು ಬಡವನ ಮೇಲೆ ಹೆಚ್ಚಿನ ಭಾರ ಹೊರಿಸುವುದಾದರೆ ಅದನ್ನು ಎದುರಿಸುವ ದಾರಿಯೂ ಈ ನೆಲಕ್ಕೆ ಅಪರಿಚಿತವಲ್ಲ. ಗಾಂಧೀಜಿಯವರ ಚಿತಾಭಸ್ಮವನ್ನು ಕೂಡ್ಲಿಗಿಯ ಸ್ಮಾರಕದಲ್ಲಿ ಇಂದಿಗೂ ಗೌರವದಿಂದ ಕಾಪಾಡಿಕೊಂಡು ಬಂದಿದ್ದಾರೆ. ಉಪ್ಪಿನ ಕಾನೂನನ್ನು ಮುರಿಯಹೊರಟ ಆ ಪುರುಷನು, 1930ರ ಮಾರ್ಚ್ 2ರಂದೇ ವೈಸರಾಯರಿಗೆ ಪತ್ರ ಬರೆದು ತನ್ನ ಸಂಕಲ್ಪವನ್ನು ತಿಳಿಸಿ, ಹಗಲು ಬೆಳಕಿನಲ್ಲಿ ನಡೆದುಹೋಗಿ ಮುರಿದನು. ಲಾರಿ ಮಾಲೀಕರೆಲ್ಲ ಒಟ್ಟುಗೂಡಿ, ತಾಲ್ಲೂಕಿಗೊಂದು ದುರಸ್ತಿಯ ವ್ಯವಸ್ಥೆಯಾಗುವವರೆಗೆ ಲಾರಿಗಳನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿದರೆ, ಅವರ ಜೊತೆ ನಾನೂ ಕೂರುತ್ತೇನೆ. ಕತ್ತಲಲ್ಲಿ ಕೂರಿಸಿದ ಡಬ್ಬಿಗೆ ಆ ತೇಜಸ್ಸು ಬಾರದು. ಅದರ ಭಾರವನ್ನು ಹೊರುವವನಿಗೆ ಅದರ ಸುದ್ದಿಯೇ ತಿಳಿಯದು.

ಕೃತ, ಕಾರಿತ, ಅನುಮತ ಎಂದು ಅದೇ ತತ್ತ್ವಾರ್ಥಸೂತ್ರವು ಕರ್ಮಕ್ಕೆ ಮೂವರು ಪಾಲುದಾರರನ್ನು ಹೇಳುತ್ತದೆ. ಡಬ್ಬಿಯನ್ನು ಜೋಡಿಸಿದ ಮೆಕ್ಯಾನಿಕ್ಕನೂ ಜೋಡಿಸಹೇಳಿದ ಮಾಲೀಕನೂ ಮೊದಲಿಬ್ಬರು. ಅಗ್ಗದ ಬಾಡಿಗೆಯಲ್ಲಿ ಬಂದ ಈರುಳ್ಳಿಯನ್ನು ಕೇಳದೆ ಕೊಂಡುಂಡ ನಾನು ಮೂರನೆಯವನಲ್ಲವೆಂದು ಹೇಗೆ ಹೇಳಲಿ? ಪ್ರಭುತ್ವದ ಪಾಲೂ ಉಂಟು. ನಮ್ಮ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ವಾಹನದ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಬೈಪಾಸ್ ಆದ ಲಾರಿಗೂ ನಿರಾಯಾಸವಾಗಿ ಸರ್ಟಿಫಿಕೇಟು ದೊರೆಯುತ್ತದೆ.

ಮಾಘಮಾಸದಲ್ಲಿ ಗುರುಬಸವೇಶ್ವರನ ರಥೋತ್ಸವಕ್ಕೆಂದು ದಾವಣಗೆರೆಯ ಕಡೆಯಿಂದಲೂ ಹರಪನಹಳ್ಳಿಯ ಹಳ್ಳಿಗಳಿಂದಲೂ ಜನ ಬರಿಗಾಲಲ್ಲಿ ಕೊಟ್ಟೂರಿಗೆ ನಡೆದು ಬರುತ್ತಾರೆ. ಕಳೆದ ಸಲ ಅವರ ಜೊತೆಯಲ್ಲಿ ಕೆಲವು ಹರಿದಾರಿ ನಡೆದೆ. ಹಳೆಯ ಲಾರಿಯೊಂದು ಕಪ್ಪುಹೊಗೆ ಕಾರುತ್ತ ಹೋದಾಗ, ನನ್ನ ಮುಂದಿದ್ದ ವೃದ್ಧೆ ಸೆರಗನ್ನು ಬಾಯಿಗೆ ಒತ್ತಿ, ಜೊತೆಯ ಮೊಮ್ಮಗುವಿನ ಮೂಗನ್ನೂ ಮುಚ್ಚಿದಳು. ಅದರ ಹಿಂದೆ ಬಂದ ಹೊಸ ಲಾರಿಯ ಕೊಳವೆಯಲ್ಲಿ ಹೊಗೆಯ ಎಳೆಯೂ ಕಾಣಲಿಲ್ಲ. ಅದನ್ನು ನೋಡಿ ಆಕೆ ಸೆರಗನ್ನು ಕೆಳಗಿಳಿಸಿ, ಮಗುವಿನ ಮುಖದಿಂದ ಕೈ ತೆಗೆದು, ನೀಳವಾಗಿ ಉಸಿರೆಳೆದುಕೊಂಡು ಮುಂದೆ ನಡೆದಳು.